ತುಂಬಿದ ತಂಬಿಗೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮುಂಬೈ ಹತ್ತಿರದ ಡೊಂಬಿವಲಿಯ ಪುಟ್ಟ ಫ್ಲ್ಯಾಟು. ಆಪರೇಷನ್‌ಗೆಂದು ವಿಜಯಪುರದ ಕಡೆಯ ಹಳ್ಳಿಯಿಂದ ಬಂದ ಅತ್ತೆಗೆ 68. ಮೊಣಕಾಲಿನ ಕೀಲು ಬದಲಿಸಿ ಹನ್ನೆರಡು ದಿನವಾಗಿತ್ತು. ಸೊಸೆಗೆ ಮುಂಬೈನ ಫೋರ್ಟ್‌ನಲ್ಲಿ ನೌಕರಿ, ರಜೆ ಮುಗಿದಿದೆ.

"ವ್ಯಾಯಾಮ ಒಲ್ಲೆ ಅಂತಾರ, ಊಟ ಬಿಟ್ಟಾರ. ನಾ ಮಾಡೂದು ಅತ್ತಿಯವರಿಗೆ ಸೇರಂಗಿಲ್ಲ ಮೇಡಂ," ಎಂದು ಸೊಸೆ ಅತ್ತುಬಿಟ್ಟರು.

ಮನೆಗೇ ಹೋದೆ. ಹಾಸಿಗೆ ಪಕ್ಕದ ತಂಬಿಗೆ ಬೆಳಗಿನಿಂದ ತುಂಬಿದ್ದು ತುಂಬಿದಂತೆಯೇ ಇತ್ತು. ಸೊಸೆ ಚಹಾಕ್ಕೆ ಒಳಗೆ ಹೋದಾಗ ಅಜ್ಜಿ ಮೆಲ್ಲಗೆ ಹೇಳಿದರು: "ಅಕಿ ಮುಂಜಾನೆದ್ದು ಗಾಡಿ ಹಿಡೀಬೇಕು. ರಾತ್ರಿ ಎರಡ ಸಲ ಸಂಡಾಸಕ್ಕ ಎಬ್ಬಸೂದಂದ್ರ ಹ್ಯಾಂಗ್ರಿ? ಅದಕ್ಕ ನೀರ ಬಿಟ್ಟೀನಿ."

ಅಲ್ಲಿಗೆ ಗಂಟು ಬಿಚ್ಚಿತು. ನೋವಿನ ಮಾತ್ರೆಗಳಲ್ಲಿ ಕೆಲವು ಮೊದಲೇ ಮಲ ಕಟ್ಟುತ್ತವೆ. ನೀರೂ ಇಲ್ಲವೆಂದರೆ ಹೊಟ್ಟೆ ಬಿಗಿದು ಹಸಿವು ಸಾಯುತ್ತದೆ. ಎದ್ದರೆ ತಲೆಸುತ್ತು, ಇನ್ನು ವ್ಯಾಯಾಮ ಎಲ್ಲಿಂದ ಬರಬೇಕು? ಇಬ್ಬರೂ ಒಬ್ಬರಿಗೊಬ್ಬರು ಮರುಗುತ್ತಲೇ ಮುನಿಸಿಕೊಂಡಿದ್ದರು.

ಇನ್ನೊಂದು ಕಣ್ಣಿಗೆ ಬಿತ್ತು: ಮೊಣಕಾಲ ಕೆಳಗೆ ದಪ್ಪ ದಿಂಬು. ಹಾಗೆ ಮಡಿಚಿಟ್ಟರೆ ಕಾಲು ನೆಟ್ಟಗಾಗುವುದು ಕಷ್ಟ. ಆಸರೆ ಬೇಕಿರುವುದು ಹಿಮ್ಮಡಿಯ ಕೆಳಗೆ. ಫಿಸಿಯೋ ಹೇಳಿದ್ದರಂತೆ, ಮರಾಠಿಯಲ್ಲಿ. ಅಜ್ಜಿ ತಿಳಿಯದಿದ್ದರೂ "ಹೋ, ಹೋ" ಅಂದಿದ್ದರು.

ನಾನು ಹೇಳಿದ್ದು ಹೆಚ್ಚೇನಿಲ್ಲ. ಕಮೋಡ್ ಕುರ್ಚಿ ಬಾಡಿಗೆಗೆ ತಂದು ಮಂಚದ ಪಕ್ಕವೇ ಇಡಿ. ರಾತ್ರಿ ಅಮ್ಮನನ್ನು ನೋಡಿಕೊಳ್ಳುವ ಪಾಳಿ ಮಗನದಾಗಲಿ; ಎರಡು ಗಂಟೆಗೆ ಅಲಾರಂ ಇಟ್ಟು ಅವನೇ ಏಳಲಿ, ಅಮ್ಮ ಕೇಳುವ ಪ್ರಸಂಗವೇ ಬೇಡ. ಮಗನೆದುರು ನಾಚಿಕೆ ಎಂದರು ಅಜ್ಜಿ. ವಾಕರ್ ಹಿಡಿದು ಕೂಡಿಸಿ ಬಾಗಿಲಾಚೆ ನಿಂತರಾಯಿತು ಎಂದೆ. ವ್ಯಾಯಾಮಕ್ಕೆ ಮುಂಚೆ ನೋವಿನ ಮಾತ್ರೆ ತೆಗೆದುಕೊಳ್ಳಬಹುದೇ, ಎಷ್ಟು ಹೊತ್ತು ಮುಂಚೆ ಎಂಬುದನ್ನು ಡಾಕ್ಟರಲ್ಲೇ ಕೇಳಿ. ಫಿಸಿಯೋ ಮಾತನ್ನು ಸೊಸೆ ಕನ್ನಡದಲ್ಲಿ ಫೋನಿಗೆ ರೆಕಾರ್ಡ್ ಮಾಡಲಿ. ಮೀನಖಂಡ ಊದಿ ನೋವಾದರೆ, ಗಾಯ ಸೋರಿದರೆ, ಜ್ವರ ಬಂದರೆ ಅಂದೇ ಡಾಕ್ಟರಿಗೆ ಫೋನು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಫೋನಿಗೂ ಕಾಯದೆ ಆಸ್ಪತ್ರೆಗೆ.

ಸೊಸೆಗೆ ಬೇರೆಯಾಗಿ ಒಂದು ಮಾತು: ವ್ಯಾಯಾಮದ ಲೆಕ್ಕ ಕೇಳುವುದನ್ನು ಗಂಡನಿಗೆ ಬಿಟ್ಟು, ನೀವು ಸಂಜೆ ಪಕ್ಕದಲ್ಲಿ ಕೂತು ಚಹಾ ಕುಡಿಯಿರಿ.

ಹತ್ತು ದಿನದ ಮೇಲೆ ಫೋನು ಬಂತು. ಅಲಾರಂ ಹೊಡೆದರೂ ಮಗ ಏಳುವುದಿಲ್ಲವಂತೆ. ಅಜ್ಜಿಯೇ ವಾಕರಿನಿಂದ ಅವನ ಮಂಚ ತಟ್ಟಿ ಎಬ್ಬಿಸುತ್ತಾರಂತೆ.