ಹಳೇ ಝೆನ್‌ಗೆ ಎಸ್ಟೀಮ್ ಎಂಜಿನ್ ಮನೆಯಲ್ಲೇ ಕೂರಿಸಬಹುದೇ?

1998ರ ಕಾರ್ಬ್ಯುರೇಟರ್ ಮಾರುತಿ ಝೆನ್, ಪಿಕಪ್ ಸತ್ತಿದೆ, ಗುಜರಿಯಲ್ಲಿ ಅದೇ ಕಂಪನಿಯ ಎಸ್ಟೀಮ್ ಕಾರಿನ ಎಂಪಿಎಫ್‌ಐ (ಪೆಟ್ರೋಲನ್ನು ಒತ್ತಡದಲ್ಲಿ ಇಂಜೆಕ್ಟ್ ಮಾಡುವ) ಎಂಜಿನ್ ನೋಡಿಟ್ಟಿದ್ದೀರಿ, ಮನೆಯ ಶೆಡ್ಡಿದೆ, ಕೈ ಕಡಿಯುತ್ತಿದೆ, ಯಾವ ಎಂಜಿನ್ ಒಳ್ಳೆಯದು ಅಂತ ಕೇಳಿದ್ದೀರಿ. ನನ್ನದು 1997ರದ್ದು, ಅಪ್ಪನ ಕಾರು. ಮಿಕ್ಕಿದ್ದೆಲ್ಲ ಪಡಿಯಚ್ಚು.

ನಾನು ಕೈ ಹಾಕಿದ್ದು 2011ರ ಮಳೆಗಾಲದಲ್ಲಿ. ತೀರ್ಥಹಳ್ಳಿ ಕಡೆ ಜುಲೈ ಅಂದರೆ ಅಡಿಕೆ ಶೆಡ್ಡೂ ಖಾಲಿ, ತಲೆಯೂ ಖಾಲಿ. ಹಲಸಿನ ತೊಲೆಗೆ ಚೈನ್ ಪುಲ್ಲಿ ಕಟ್ಟಿ, ಪಕ್ಕದ ಮನೆ ಹುಡುಗನನ್ನು ಕರೆದುಕೊಂಡು ಶುರು ಮಾಡಿದ್ದು. ಹಳೇ ಎಂಜಿನ್ ಮಧ್ಯಾಹ್ನದ ಊಟದೊಳಗೆ ನೆಲಕ್ಕಿಳಿಯಿತು. ಝೆನ್‌ನದು 993 ಸಿಸಿ, 50 ಅಶ್ವಶಕ್ತಿ. ಎಸ್ಟೀಮ್‌ನದು 1298 ಸಿಸಿ, 16 ವಾಲ್ವ್, 85 ಅಶ್ವಶಕ್ತಿ. ನಡುವಿನ ಆ 35 ಕುದುರೆಗಳೇ ನನ್ನನ್ನು ಹಾಳು ಮಾಡಿದ್ದು. ಎರಡೂ ಸುಜುಕಿಯ ಜಿ ಕುಟುಂಬದವು, ಎರಡೂ ಅಲ್ಯುಮಿನಿಯಂ ಬ್ಲಾಕ್. ಹಾಗಾಗಿ ಕೂರಿಸುವುದು ಎಲ್ಲರೂ ಹೆದರಿಸಿದಷ್ಟು ಕಷ್ಟವಾಗಲಿಲ್ಲ. ಪೆಟ್ರೋಲ್ ಲೈನಿಗೆ ಮಾತ್ರ ಎರಡು ವಾರ ಹಿಡಿಯಿತು. ಕಾರ್ಬ್ಯುರೇಟರ್‌ಗೆ ಕಾಲು ಬಾರ್ ಒತ್ತಡ ಸಾಕು, ಇಂಜೆಕ್ಷನ್‌ಗೆ 2.5ರಿಂದ 3 ಬಾರ್ ಬೇಕು. ಹಳೇ ರಬ್ಬರ್ ಪೈಪು, ಹಳೇ ಕ್ಲಿಪ್ಪು ಅದಕ್ಕೆ ಆಗಿಬರುವುದಿಲ್ಲ. ಅದನ್ನು ನಾನು ಸರಿಯಾಗಿಯೇ ಮಾಡಿದ್ದೆ. ಬೆಂಕಿಯ ಭಯ ಇತ್ತಲ್ಲ.

ಭಯ ಇಲ್ಲದ ಕಡೆ ಎಡವಿದೆ. ಎಂಜಿನ್ ತೆಗೆದ ಮೇಲೆ ಬಾನೆಟ್ ಕೆಳಗಿನ ಗೂಡು ತುಕ್ಕು, ಆಯಿಲ್, ಕೆಸರು ಮೆತ್ತಿಕೊಂಡು ಅಸಹ್ಯವಾಗಿ ಕಂಡಿತು. ಉಜ್ಜಿ, ಪ್ರೈಮರ್ ಕೊಟ್ಟು, ಎರಡು ಕೋಟ್ ಬಿಳಿ ಬಣ್ಣ ಹೊಡೆದೆ. ಬೋಲ್ಟಿನ ತೂತಿನ ಸುತ್ತಲೂ ಬಿಡದ ಹಾಗೆ. ಗೇರ್‌ಬಾಕ್ಸಿನಿಂದ ಗಾಡಿಯ ಬಾಡಿಯ ತಗಡಿಗೆ ಬರುವ ಹೆಣೆದ ತಾಮ್ರದ ಪಟ್ಟಿಯೊಂದಿತ್ತು, ಹಸಿರು ಕಟ್ಟಿ ಅರ್ಧ ಉದುರಿತ್ತು. ಅದನ್ನು ಬಿಸಾಕಿ, ತೋಟದ ಪಂಪ್‌ಹೌಸ್ ವೈರಿಂಗಿನಲ್ಲಿ ಮಿಕ್ಕಿದ್ದ 2.5 ಚದರ ಮಿಲಿಮೀಟರಿನ ವೈರ್ ತುಂಡು ಕಟ್ಟಿದೆ, ಆ ಚೆಂದದ ಬಿಳಿ ಬಣ್ಣದ ಮೇಲೆಯೇ. ಇಂಜೆಕ್ಷನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯುನ ಎರಡು ಅರ್ತ್ ವೈರುಗಳಲ್ಲಿ ಒಂದು ಎಂಜಿನ್‌ಗೆ ಮುಟ್ಟಿತು. ಇನ್ನೊಂದು ಗಿಡ್ಡವಾಯಿತು, ಅದನ್ನು ಬಾಡಿಯ ತಗಡಿಗೆ ಕಟ್ಟಿದೆ. ಎಂಜಿನ್ ಬಾಡಿಯ ತಗಡಿಗೆ ಬೋಲ್ಟಿನಲ್ಲೇ ಕೂತಿದೆಯಲ್ಲ, ಎಲ್ಲ ಒಂದೇ ಕಬ್ಬಿಣ ಅಂತ ನನ್ನ ಲೆಕ್ಕ.

ಎಂಜಿನ್ ಕೂತಿರುವುದು ರಬ್ಬರಿನ ಮೇಲೆ, ಮಾರಾಯ್ರೆ! ಮೌಂಟಿಂಗ್ ಎಲ್ಲ ರಬ್ಬರು. ಕರೆಂಟಿನ ಲೆಕ್ಕದಲ್ಲಿ ಎಂಜಿನ್ ಒಂದು ದ್ವೀಪ, ಆ ಪಟ್ಟಿ ಅದಕ್ಕಿರುವ ಸೇತುವೆ. ಸೆಲ್ಫ್ ಹೊಡೆದಾಗ ನೂರು ಆಂಪಿಯರ್‌ಗೂ ಮೇಲೆ ಕರೆಂಟು ದಪ್ಪ ಕೇಬಲ್ಲಿನಲ್ಲಿ ಎಂಜಿನ್‌ಗೆ ಹೋಗುತ್ತದೆ. ಹೋದದ್ದೆಲ್ಲ ಬಾಡಿಯ ಮೂಲಕ ಬ್ಯಾಟರಿಯ ಮೈನಸ್‌ಗೆ ವಾಪಸ್ ಬರಲೇಬೇಕು. ಸೇತುವೆ ಸಪೂರವಾಗಿದ್ದರೆ ಸಿಕ್ಕ ದಾರಿಯಲ್ಲೆಲ್ಲ ನುಗ್ಗುತ್ತದೆ: ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಕೊನೆಗೆ ಇಸಿಯುನ ಹೊಟ್ಟೆಯೊಳಗಿಂದ, ಎಂಜಿನ್‌ಗೆ ಕಟ್ಟಿದ ವೈರಿನಿಂದ ಒಳಬಂದು ಬಾಡಿಯ ತಗಡಿಗೆ ಕಟ್ಟಿದ ವೈರಿನಿಂದ ಹೊರಗೆ. ಕಾರ್ಬ್ಯುರೇಟರ್ ಗಾಡಿಯಲ್ಲಿ ಅರ್ತಿಂಗ್ ಕೆಟ್ಟರೆ ಹೆಡ್‌ಲೈಟ್ ಮಂಕಾಗುತ್ತದೆ, ಸೆಲ್ಫ್ ನರಳುತ್ತದೆ, ಅಷ್ಟೇ. ಇಂಜೆಕ್ಷನ್ ಗಾಡಿಯಲ್ಲಿ ಇಸಿಯು ಸೊನ್ನೆಯಿಂದ 5 ವೋಲ್ಟಿನೊಳಗೆ ಇಡೀ ಪ್ರಪಂಚ ಅಳೆಯುತ್ತದೆ. ಅದರ ಸೊನ್ನೆಯೇ ಅಲುಗಾಡಿದರೆ ಅಳತೆಗೆ ಏನು ಬೆಲೆ? ನೀರಿನ ಬಿಸಿ ನೋಡುವ ಸೆನ್ಸರ್ ತಣ್ಣಗಿದ್ದಷ್ಟೂ ಹೆಚ್ಚು ವೋಲ್ಟ್ ಕೊಡುತ್ತದೆ. ಸೆಲ್ಫ್ ಹೊಡೆಯುವಾಗ ಎಂಜಿನ್ ಕಡೆಯ ವೋಲ್ಟೇಜ್ ಮೇಲೆದ್ದರೆ, ಬಿಸಿ ಎಂಜಿನ್ ಕೂಡ ಇಸಿಯುಗೆ ಚಳಿಗಾಲದ ಬೆಳಗಿನಂತೆ ಕಾಣುತ್ತದೆ. ಪಾಪ, ಅದು ಪೆಟ್ರೋಲ್ ಸುರಿಯುತ್ತದೆ.

ಆದದ್ದೂ ಅದೇ. ಬೆಳಿಗ್ಗೆ ಸ್ಟಾರ್ಟ್ ಆಗುತ್ತಿತ್ತು, ಪೇಟೆಗೆ ಹೋಗಿ ನಿಲ್ಲಿಸಿದರೆ ವಾಪಸ್ ಹೊರಡುತ್ತಿರಲಿಲ್ಲ. ಪ್ಲಗ್ ಬಿಚ್ಚಿದರೆ ಒದ್ದೆ. ಮಳೆಯಲ್ಲಿ ಹೆಡ್‌ಲೈಟ್, ವೈಪರ್ ಹಾಕಿದ ಕೂಡಲೇ ಐಡ್ಲಿಂಗ್ ಕುಂಟುತ್ತಿತ್ತು. ನಾನು ಸೆನ್ಸರ್ ಬದಲಿಸಿದೆ, ಇಂಜೆಕ್ಟರ್ ತೊಳೆಸಿದೆ, ಎರಡು ಸೆಟ್ ಪ್ಲಗ್ ಹಾಕಿದೆ, ಪಂಪ್ ಮೇಲೆ ಅನುಮಾನಪಟ್ಟು ಅದನ್ನೂ ಹೊಸದು ತಂದೆ. ಕ್ಲಚ್ ಪೆಡಲ್ ಹತ್ತಿರ ಸುಟ್ಟ ಪ್ಲಾಸ್ಟಿಕ್ ವಾಸನೆ ಬರುತ್ತಿತ್ತು. ಹೊಸ ಬಣ್ಣದ ವಾಸನೆ ಅಂದುಕೊಂಡೆ. ಈಗಲೂ ನೆನೆಸಿಕೊಂಡರೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ, ಕೇಬಲ್ಲಿನ ಹೊದಿಕೆ ಕರಗುತ್ತಿತ್ತು, ಗಾಡಿ ಕೂಗಿ ಹೇಳುತ್ತಿತ್ತು! ಅಕ್ಟೋಬರಿನಲ್ಲಿ ಒಂದು ದಿನ ಇಸಿಯು ಸತ್ತಿತು. ಸೆಕೆಂಡ್ ಹ್ಯಾಂಡ್ ಇಸಿಯುಗೆ ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಹೋಗಿ 9 ಸಾವಿರ ಕೊಟ್ಟು ಬಂದೆ.

ಪುಣ್ಯಕ್ಕೆ ಅದನ್ನು ಸಿಕ್ಕಿಸುವ ಮೊದಲು ಊರಿನ ಹಳೇ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ಟ್ರ್ಯಾಕ್ಟರ್ ಡೈನಮೋ ಕಟ್ಟುವವರು, ಇಂಜೆಕ್ಷನ್ ಗಾಡಿ ಮುಟ್ಟಿದವರಲ್ಲ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಹಿಡಿದು, "ಸೆಲ್ಫ್ ಹೊಡಿ" ಅಂದರು. 1.6 ವೋಲ್ಟ್. "ಇಲ್ಲಿ ಸೊನ್ನೆ ಹತ್ರ ಇರ್ಬೇಕಿತ್ತಲ್ಲ ಮಾಣಿ, ಬಣ್ಣ ಯಾರು ಹೊಡೆದದ್ದು?" ಅಂದರು. ಬಣ್ಣ ಕೆರೆದು, ಇಸಿಯುನ ಎರಡೂ ವೈರನ್ನು ಎಂಜಿನ್‌ಗೇ ಕಟ್ಟಿ, ಬ್ಯಾಟರಿ ಕೇಬಲ್ಲಿನಷ್ಟೇ ದಪ್ಪದ ಪಟ್ಟಿ ಹಾಕಿದ ಮೇಲೆ 0.1 ವೋಲ್ಟಿಗೆ ಇಳಿಯಿತು. ಅವರು ತಗೊಂಡದ್ದು 150 ರೂಪಾಯಿ.

ಆಮೇಲಿನ ಕೆಲವು ತಿಂಗಳು ಸುಖವಾಗಿದ್ದೆ, ಸುಳ್ಳು ಹೇಳುವುದಿಲ್ಲ. ಆಗುಂಬೆ ಘಾಟಿಯನ್ನು ಆ ಪುಟ್ಟ ಗಾಡಿ ಹತ್ತುತ್ತಿದ್ದ ರೀತಿಯೇ ಬೇರೆ. ಇಳಿಯುವಾಗ ಮಾತ್ರ 50 ಅಶ್ವಶಕ್ತಿಗೆ ಕೊಟ್ಟ ಬ್ರೇಕು ಎಂದು ನೆನಪಾಗುತ್ತಿತ್ತು. 2012ರಲ್ಲಿ 15 ವರ್ಷ ತುಂಬಿ ಆರ್‌ಸಿ ನವೀಕರಣ ಬಂತು. ಎಂಜಿನ್ ಬದಲಿಸುವ ಮೊದಲು ಆರ್‌ಟಿಒ ಅನುಮತಿ ಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ನಾನು ತೆಗೆದುಕೊಂಡಿರಲಿಲ್ಲ, ಆರ್‌ಸಿಯಲ್ಲಿದ್ದದ್ದು ಹಳೇ ಎಂಜಿನ್ ನಂಬರು. ಶೆಡ್ಡಿನ ಮೂಲೆಯಲ್ಲಿದ್ದ ಹಳೇ ಎಂಜಿನ್‌ಗೆ ಪಿಸ್ಟನ್ ರಿಂಗ್ಸ್, ವಾಲ್ವ್ ಸೀಲ್ ಹಾಕಿಸಿ ವಾಪಸ್ ಕೂರಿಸಿದೆ, ಹೊಸ ಪಟ್ಟಿಯ ಸಮೇತ. ಅರ್ಧ ಸುತ್ತಿಗೇ ಸ್ಟಾರ್ಟ್! ಹೆಡ್‌ಲೈಟ್ ಅಪ್ಪನ ಕಾಲದಲ್ಲೂ ಅಷ್ಟು ಬೆಳಗಿರಲಿಲ್ಲ. ಪಿಕಪ್ಪೂ ಬಂತು. ನಾನು ಇಡೀ ಮಳೆಗಾಲ ಗುದ್ದಾಡಿದ್ದು ಸಾಯದೇ ಇದ್ದ ಎಂಜಿನ್‌ಗೆ ಬದಲಿ ಹುಡುಕಿ.

ಆದ್ದರಿಂದ "ಯಾವ ಎಂಜಿನ್ ಒಳ್ಳೆಯದು" ಎಂಬ ನಿಮ್ಮ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ. ಮೊದಲು ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆಸಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ಸ್, ಏರದಿದ್ದರೆ ಹೆಚ್ಚಾಗಿ ವಾಲ್ವ್. ಎರಡೂ ಊರಲ್ಲೇ ಆಗುವ ಕೆಲಸ. ಅಷ್ಟಾದ ಮೇಲೂ ಹುಚ್ಚು ಬಿಡದಿದ್ದರೆ ಆರ್‌ಟಿಒಗೆ ಹೋಗಿ ಬಾಯಿಬಿಟ್ಟು ಕೇಳಿ, ಆಮೇಲೆ ಗುಜರಿಗೆ ಹೋಗಿ. ಬರಿ ಎಂಜಿನ್ ತರಬೇಡಿ. ಗುದ್ದಿಸಿಕೊಂಡ ಇಡೀ ಎಸ್ಟೀಮನ್ನೇ ದಾಖಲೆ ಸಮೇತ ತನ್ನಿ. ಯಾವ ವೈರ್ ಎಲ್ಲಿಗೆ ಎಂದು ಅದೇ ಹೇಳುತ್ತದೆ, ಬ್ರೇಕೂ ಅದರಲ್ಲೇ ಸಿಗುತ್ತದೆ.

ನನ್ನ ಎಸ್ಟೀಮ್ ಎಂಜಿನ್ ಟಾರ್ಪಾಲ್ ಹೊದ್ದು ಶೆಡ್ಡಿನಲ್ಲೇ ಇದೆ, ಮಾರಲು ಮನಸ್ಸಿಲ್ಲ. ನೀವು ಇವತ್ತು ಸಂಜೆ ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಒಂದು ಎಂಜಿನ್‌ಗೆ ಹಿಡಿದು ಯಾರಿಂದಾದರೂ ಸೆಲ್ಫ್ ಹೊಡೆಸಿ. ಮೀಟರ್ ಎಷ್ಟು ತೋರಿಸಿತು ಅಂತ ಕೆಳಗೆ ಬರೆಯಿರಿ.