ಪ್ರ: ಫುಟ್‌ಬಾಲ್ ಆಟಗಾರ ಸುನಿಲ್ ಛೆಟ್ರಿ ವಿದೇಶದಲ್ಲಿ ಆಡಿದ್ದು ನಿಜವೇ? ಇಂಗ್ಲೆಂಡ್ ಕಥೆ ಏನು? 'ವಿದೇಶದಲ್ಲಿ ಸೋತ' ಅಂತಾರಲ್ಲ?

ನಿಜ, ಆದರೆ ಆಡಿದ್ದಕ್ಕಿಂತ ಬೆಂಚಿನಲ್ಲಿ ಕೂತಿದ್ದೇ ಜಾಸ್ತಿ. ನೀವು ಕೇಳಿದ ಇಂಗ್ಲೆಂಡ್ ಕಥೆ 2009ರದ್ದು. ಅಲ್ಲಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಜೊತೆ ಮಾತುಕತೆ ಮುಗಿದಿತ್ತು. ಆದರೆ ಫಿಫಾದ ವಿಶ್ವ ತಂಡಗಳ ರ‍್ಯಾಂಕಿಂಗ್ ಪಟ್ಟಿಯಲ್ಲಿ ಭಾರತ ಮೊದಲ 70ರೊಳಗೆ ಇಲ್ಲ ಅಂತ ವರ್ಕ್ ಪರ್ಮಿಟ್ ಸಿಗಲಿಲ್ಲ. ಇದರಲ್ಲಿ ಅವರ ತಪ್ಪೇನಿದೆ ಹೇಳಿ!

2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ ವಿಜರ್ಡ್ಸ್ ಕ್ಲಬ್ ಸೇರಿದರು, ಲೀಗ್‌ನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ಗೆ ಹೋದರು. ಅಲ್ಲಿ ಬಿ (ಮೀಸಲು) ತಂಡದ ಜೆರ್ಸಿ, ಬೆರಳೆಣಿಕೆಯ ಪಂದ್ಯಗಳು, ಅಷ್ಟೇ.

ವಿದೇಶಕ್ಕೆ ಹೋಗೋ ಮುಂಚೆ ಭಾರತದ ಕ್ಲಬ್‌ಗಳಾದ ಮೋಹನ್ ಬಗಾನ್ (2002ರಲ್ಲಿ ಶುರು), ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ ಅಂತ ಸುತ್ತಿದ್ದರು. ಪೋರ್ಚುಗಲ್‌ನಿಂದ ಎರವಲಾಗಿ ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಬಂದು 2013ರಲ್ಲಿ ಆಗ ದೇಶದ ಪ್ರಮುಖ ಲೀಗ್ ಆಗಿದ್ದ ಐ-ಲೀಗ್ ಗೆದ್ದರು. ಅದೇ ವರ್ಷ, ಆಗಷ್ಟೇ ಹುಟ್ಟಿದ್ದ ನಮ್ಮ ಬೆಂಗಳೂರು ಎಫ್‌ಸಿ ಸೇರಿದರು. ಮೊದಲ ಸೀಸನ್ನಿನಲ್ಲೇ ಚಾಂಪಿಯನ್! ಮಧ್ಯೆ ಮುಂಬೈ ಸಿಟಿ ಪರವೂ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಆಡಿದ್ದುಂಟು. 2015ರಲ್ಲಿ ಅಲ್ಲಿ ಹೊಡೆದ ಹ್ಯಾಟ್ರಿಕ್ ಆ ಲೀಗ್‌ನಲ್ಲಿ ಭಾರತೀಯನೊಬ್ಬನ ಮೊದಲನೆಯದು.

ನನ್ನ ಪ್ರಕಾರ 'ವಿದೇಶದಲ್ಲಿ ಸೋತ' ಅನ್ನೋದು ಅರ್ಧ ಸತ್ಯ. ಸರಿಯಾಗಿ ಆಡೋಕೆ ಬಿಟ್ಟಿದ್ದೇ ಇಲ್ಲ, ಸೋಲೋದು ಎಲ್ಲಿಂದ ಬಂತು?