ಡಲ್ಲಾಸ್‌ನಲ್ಲಿ ಮಕ್ಕಳನ್ನು ಮನೆಯಲ್ಲೇ ಓದಿಸುವುದಾದರೆ: ಮೈಸೂರಿನಿಂದ ಏನು ತರಬೇಕು, ಏನು ಬೇಡ

ಮೈಸೂರಿನಿಂದ ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ಗೆ ಬರುತ್ತಿದ್ದೀರಿ. ಮಗಳು ಮೂರನೇ ಕ್ಲಾಸು, ಮಗನಿಗೆ ಐದು ವರ್ಷ, ಇಬ್ಬರನ್ನೂ ಮನೆಯಲ್ಲೇ ಓದಿಸುವ ಯೋಚನೆ. ಪುಸ್ತಕಗಳನ್ನೆಲ್ಲ ಅಲ್ಲಿಂದಲೇ ಹೊತ್ತು ತರಬೇಕಾ, ಇಲ್ಲಿ ನೂರಾರು ಡಾಲರಿನ ಪ್ಯಾಕೇಜ್ ಕೊಳ್ಳಬೇಕಾ ಎಂದು ಕೇಳಿದ್ದೀರಿ. ಎರಡೂ ಬೇಡ. ಇಲ್ಲಿ ಪುಕ್ಕಟೆ ಸಾಮಗ್ರಿಗೆ ಬರವಿಲ್ಲ, ಅತಿಯಾಗಿರುವುದೇ ತೊಂದರೆ. ವಿಷಯಕ್ಕೊಂದು ಆರಿಸಿ, ಉಳಿದದ್ದರ ಕಡೆ ತಿರುಗಿ ನೋಡಬೇಡಿ.

ಮೊದಲು ಕಾನೂನು. ಟೆಕ್ಸಾಸ್‌ನಲ್ಲಿ ಹೋಮ್‌ಸ್ಕೂಲನ್ನು ಖಾಸಗಿ ಶಾಲೆಯ ಲೆಕ್ಕಕ್ಕೇ ಸೇರಿಸುತ್ತಾರೆ. 1994ರಲ್ಲಿ ರಾಜ್ಯದ ಸುಪ್ರೀಂ ಕೋರ್ಟೇ ಹಾಗೆ ತೀರ್ಪು ಕೊಟ್ಟಿದೆ. ನೋಂದಣಿ ಇಲ್ಲ, ಸರ್ಕಾರಿ ಪರೀಕ್ಷೆ ಇಲ್ಲ. ಓದು, ಸ್ಪೆಲ್ಲಿಂಗ್, ವ್ಯಾಕರಣ, ಗಣಿತ, ಉತ್ತಮ ಪೌರತ್ವ ಇವಿಷ್ಟು ಪಠ್ಯದಲ್ಲಿರಬೇಕು. ವಿಜ್ಞಾನ ಈ ಪಟ್ಟಿಯಲ್ಲಿಲ್ಲ, ಹಾಗಂತ ಬಿಡಬೇಡಿ. ಇದು ಟೆಕ್ಸಾಸ್‌ನ ಮಾತು ಮಾತ್ರ. ಕೆಲಸ ನ್ಯೂಯಾರ್ಕಿಗೆ ವರ್ಗವಾದರೆ ವರ್ಷಕ್ಕೆ ನಾಲ್ಕು ವರದಿ ಕೊಡಬೇಕು. ಪೆನ್ಸಿಲ್ವೇನಿಯಾದಲ್ಲಿ ಮಗುವಿನ ಬರವಣಿಗೆಯನ್ನೆಲ್ಲ ಜೋಡಿಸಿಟ್ಟು ಅರ್ಹರೊಬ್ಬರಿಗೆ ತೋರಿಸಬೇಕು. ಜರ್ಮನಿಯಲ್ಲಂತೂ ಮನೆಯಲ್ಲಿ ಓದಿಸಲು ಬಿಡುವುದೇ ಇಲ್ಲ. ಅದಕ್ಕೇ ಯಾವ ರಾಜ್ಯದಲ್ಲಿದ್ದರೂ ನೋಟ್‌ಬುಕ್ಕಿನ ಪ್ರತಿ ಪುಟದ ಮೇಲೆ ತಾರೀಖು ಬರೆಸುವ ಅಭ್ಯಾಸ ಇರಲಿ.

ಎರಡನೆಯದು, ವಾಪಸ್ ಹೋಗುತ್ತೀರೋ ಇಲ್ಲೇ ಉಳಿಯುತ್ತೀರೋ ಎಂಬುದು. ಎರಡು ಮೂರು ವರ್ಷದಲ್ಲಿ ಮೈಸೂರಿಗೆ ಮರಳುವುದಾದರೆ ಗಣಿತಕ್ಕೆ ಎನ್‌ಸಿಇಆರ್‌ಟಿ ಪುಸ್ತಕವನ್ನೇ ಹಿಡಿಯಿರಿ. ಅದರ ಪಿಡಿಎಫ್ ಉಚಿತ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳೂ ಹಾಗೇ ಸಿಗುತ್ತವೆ. ಆದರೆ ಅವುಗಳಲ್ಲಿ ಇಲ್ಲಿನ ಅಳತೆಗಳಿರುವುದಿಲ್ಲ. ಇಂಚು, ಅಡಿ, ಪೌಂಡು, ಫ್ಯಾರನ್‌ಹೀಟ್, ನಾಣ್ಯ ಇವನ್ನು ನೀವೇ ಸೇರಿಸಬೇಕು. ನಾಣ್ಯದಲ್ಲಿ ಮಕ್ಕಳು ಎಡವುವುದು ಒಂದೇ ಕಡೆ: ಹತ್ತು ಸೆಂಟಿನ ಡೈಮ್, ಐದು ಸೆಂಟಿನ ನಿಕಲ್‌ಗಿಂತ ಚಿಕ್ಕದು. ಇಂಚುಪಟ್ಟಿಯಲ್ಲಿ ಒಂದು ಇಂಚು ಸಾಮಾನ್ಯವಾಗಿ ಹದಿನಾರು ಭಾಗವಾಗಿರುತ್ತದೆ, ಭಿನ್ನರಾಶಿ ಕಲಿಸಲು ಅದಕ್ಕಿಂತ ಅಗ್ಗದ ಸಾಧನ ಬೇಕಿಲ್ಲ. ಲಕ್ಷದ ಸಂಖ್ಯೆ ಬಂದಾಗ ಅಲ್ಪವಿರಾಮದ ಗೊಂದಲ ಶುರುವಾಗುತ್ತದೆ: ನಮ್ಮದು 1,00,000, ಇಲ್ಲಿನದು 100,000. ಎರಡನ್ನೂ ಪಕ್ಕಪಕ್ಕದಲ್ಲಿ ಬರೆಸಿ.

ಇಲ್ಲೇ ಉಳಿಯುವುದಾದರೆ ಗಣಿತಕ್ಕೆ ಎಂಗೇಜ್‌ಎನ್‌ವೈ ಸಾಕು. ನ್ಯೂಯಾರ್ಕ್ ರಾಜ್ಯ ಮಾಡಿಸಿದ ಪಾಠಗಳು, ಪಿಡಿಎಫ್ ಪುಕ್ಕಟೆ. ಖಾನ್ ಅಕಾಡೆಮಿ ಜಾಲತಾಣವನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ, ಮುಖ್ಯ ಪಾಠಕ್ಕಲ್ಲ. ಮೊದಲು ಪೋಷಕರ ಖಾತೆ ತೆರೆದು ಅದರಡಿ ಮಗುವಿನದನ್ನು ಸೇರಿಸಿ. ಸುಳಿವು ಒತ್ತಿ ಒತ್ತಿ ಉತ್ತರ ಹೊಡೆಯುವುದನ್ನು ಮಕ್ಕಳು ಬಲುಬೇಗ ಕಲಿಯುತ್ತಾರೆ. ಲೆಕ್ಕವನ್ನು ಪುಸ್ತಕದಲ್ಲಿ ಮಾಡಿ ಆಮೇಲೆ ಪರದೆ ಮುಟ್ಟಬೇಕೆಂಬ ನಿಯಮ ಮಾಡಿ.

ಇಂಗ್ಲಿಷ್‌ಗೆ ಕೋರ್ ನಾಲೆಡ್ಜ್ ಫೌಂಡೇಶನ್‌ನ ಪಾಠಗಳನ್ನು ಇಳಿಸಿಕೊಳ್ಳಿ. ಇತಿಹಾಸ, ವಿಜ್ಞಾನವೂ ಅಲ್ಲೇ ಇವೆ. ಪ್ರತಿ ಘಟಕಕ್ಕೂ ಶಿಕ್ಷಕರ ಕೈಪಿಡಿ, ಮಗುವಿನ ಓದುಪುಸ್ತಕ, ಚಟುವಟಿಕೆ ಪುಸ್ತಕ ಎಂದು ಬೇರೆಬೇರೆ ಫೈಲು ಇರುತ್ತವೆ. ಕೈಪಿಡಿ ದಪ್ಪ, ಅದನ್ನು ಟ್ಯಾಬ್‌ನಲ್ಲೇ ಓದಿ. ಚಟುವಟಿಕೆ ಪುಸ್ತಕವನ್ನಷ್ಟೇ ಮುದ್ರಿಸಿ. ಚಿಕ್ಕವನಿಗೆ ಫೋನಿಕ್ಸ್, ಅಂದರೆ ಯಾವ ಅಕ್ಷರಕ್ಕೆ ಯಾವ ಉಚ್ಚಾರಣೆ ಎಂದು ಕಲಿಸುವ ಪಾಠ ಮುಖ್ಯ. ಕನ್ನಡದಲ್ಲಿ ಬರೆದಂತೆ ಓದಿ ರೂಢಿಯಾದ ಮಗು ಇಂಗ್ಲಿಷ್ ಸ್ವರಗಳಲ್ಲಿ ತಡವರಿಸುತ್ತದೆ, ಗಾಬರಿಯಾಗಬೇಡಿ. ಫ್ಲಾರಿಡಾ ವಿಶ್ವವಿದ್ಯಾಲಯದ ಯುಎಫ್‌ಎಲ್‌ಐ ಫೋನಿಕ್ಸ್ ಪಾಠಗಳ ಸ್ಲೈಡುಗಳು ಉಚಿತ, ಅದರ ಕೈಪಿಡಿಗೆ ಮಾತ್ರ ದುಡ್ಡು. ಹಣ ಹಾಕುವುದಿದ್ದರೆ ಅದಕ್ಕೆ ಹಾಕಬಹುದು.

ಇಲ್ಲಿನ ಅನೇಕ ಉಚಿತ ಪಠ್ಯಕ್ರಮಗಳು ಬೈಬಲ್ ಆಧಾರಿತ. ಅದು ತಪ್ಪೇನಲ್ಲ, ಆದರೆ ಗೊತ್ತಿರಲಿ. ಬೇಡವೆಂದರೆ ಹುಡುಕುವಾಗ ಸೆಕ್ಯುಲರ್ (ಧರ್ಮಾಧಾರಿತವಲ್ಲದ್ದು) ಎಂಬ ಪದ ಸೇರಿಸಿ, ವಿಜ್ಞಾನದ ಪಾಠವನ್ನು ಮೊದಲು ತೆರೆದು ನೋಡಿ. ಉಚಿತ ಟ್ರಯಲ್ ಎಂದು ಕ್ರೆಡಿಟ್ ಕಾರ್ಡ್ ಕೇಳುವುದು ಉಚಿತವಲ್ಲ.

ಬಂದ ವಾರವೇ ಲೈಬ್ರರಿ ಕಾರ್ಡ್ ಮಾಡಿಸಿ. ಸಾಮಾನ್ಯವಾಗಿ ಪಾಸ್‌ಪೋರ್ಟ್ ಮತ್ತು ವಿಳಾಸಕ್ಕೆ ಬಾಡಿಗೆ ಕರಾರು ಕೇಳುತ್ತಾರೆ. ಅದೇ ಕಾರ್ಡಿನಿಂದ ಲಿಬ್ಬಿ ಆ್ಯಪ್‌ನಲ್ಲಿ ಇ-ಪುಸ್ತಕ, ಆಡಿಯೊ ಪುಸ್ತಕ ಸಿಗುತ್ತವೆ. ಹೊರಗೆ ಮಾರುವ ಪುಸ್ತಕ ಬೇಕೇ ಬೇಕೆನಿಸಿದರೆ ಲೈಬ್ರರಿಯ ಹಳೆ ಪುಸ್ತಕ ಮಾರಾಟಕ್ಕೆ ಕಾಯಿರಿ.

ಮುದ್ರಣದ ವಿಚಾರದಲ್ಲಿ ಮೈಸೂರಿನ ಜೆರಾಕ್ಸ್ ಅಂಗಡಿಗಳನ್ನು ಮೀರಿಸುವವರು ಇಲ್ಲಿ ಯಾರೂ ಇಲ್ಲ. ಮೊದಲ ಮೂರು ತಿಂಗಳಿಗೆ ಬೇಕಾದಷ್ಟನ್ನು ಎರಡೂ ಬದಿ ಮುದ್ರಿಸಿ, ಸ್ಪೈರಲ್ ಹಾಕಿಸಿ ತನ್ನಿ. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಎ4 ಹಾಳೆ ಒಂದಕ್ಕೆ ಐದು ಗ್ರಾಂ. 200 ಪುಟ ಅಂದರೆ ನೂರು ಹಾಳೆ, ಅರ್ಧ ಕಿಲೊ. ವರ್ಷದ್ದೆಲ್ಲ ತರಲು ಹೋದರೆ 23 ಕಿಲೊ ಪೆಟ್ಟಿಗೆಯಲ್ಲಿ ಬಟ್ಟೆಗೆ ಜಾಗ ಉಳಿಯುವುದಿಲ್ಲ. ಇಲ್ಲಿ ಮುದ್ರಿಸುವಾಗ ಒಂದು ಎಚ್ಚರ: ಇಲ್ಲಿನ ಲೆಟರ್ ಹಾಳೆ 216×279 ಮಿಲಿಮೀಟರ್, ಎ4 210×297. ನಮ್ಮ ಪುಸ್ತಕದ ಪಿಡಿಎಫ್ ಹಾಗೇ ಕೊಟ್ಟರೆ ಕೆಳಗಿನ ಸಾಲು ಕತ್ತರಿಸಿಹೋಗುತ್ತದೆ. ಮುದ್ರಿಸುವಾಗ ಪುಟವನ್ನು ಹಾಳೆಗೆ ಹೊಂದಿಸುವ ಫಿಟ್ ಆಯ್ಕೆ ಹಾಕಿ. ಪ್ರಿಂಟರ್ ಕೊಳ್ಳುವುದಾದರೆ ಕಪ್ಪು-ಬಿಳುಪು ಲೇಸರ್ ತಗೊಳ್ಳಿ. ಇಂಕ್‌ಜೆಟ್ ನಾಲ್ಕು ವಾರ ಬಳಸದೆ ಬಿಟ್ಟರೆ ನಳಿಕೆ ಒಣಗಿ ಕಟ್ಟಿಕೊಳ್ಳುತ್ತದೆ.

ಎಣಿಸಲು ಹುಣಸೆ ಬೀಜ ತರಬೇಡಿ, ಬೀಜಗಳನ್ನು ವಿಮಾನ ನಿಲ್ದಾಣದಲ್ಲಿ ಘೋಷಿಸಬೇಕು, ಕಿತ್ತುಕೊಳ್ಳಲೂಬಹುದು. ಇಲ್ಲಿ ರಾಜ್ಮಾ ಸಿಗುತ್ತದೆ. ಐಸ್‌ಕ್ರೀಂ ಕಡ್ಡಿಗಳನ್ನು ಹತ್ತು ಹತ್ತರಂತೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದರೆ ಬಿಡಿ, ಹತ್ತು, ನೂರು ಕಲಿಸಲು ಬೇರೇನೂ ಬೇಡ.

ತರಲೇಬೇಕಾದದ್ದು ಕನ್ನಡ ಕಾಪಿ ಪುಸ್ತಕ, ಮಗ್ಗಿ ಪುಸ್ತಕ. ತೂಕವಿಲ್ಲ, ಇಲ್ಲಿ ಸಿಗುವುದು ಕಷ್ಟ. ಕಥೆಗಳಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಇದೆ, ಕನ್ನಡದಲ್ಲಿ ಹಂತವಾರು ಕಥೆಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ಜಾಲತಾಣದಲ್ಲಿ ನಿಘಂಟುಗಳಿವೆ, ಅದೂ ಉಚಿತ.

ಹೊರಡುವ ಮುನ್ನ ಶಾಲೆಯಿಂದ ಟಿಸಿ, ಅಂಕಪಟ್ಟಿ ತೆಗೆದುಕೊಳ್ಳಿ, ಮಗಳ ಎಸ್‌ಎಟಿಎಸ್ ಸಂಖ್ಯೆ (ಕರ್ನಾಟಕ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಸಂಖ್ಯೆ) ಬರೆದಿಟ್ಟುಕೊಳ್ಳಿ. ಲಸಿಕೆ ಕಾರ್ಡ್ ಕೈಚೀಲದಲ್ಲಿರಲಿ. ಮನೆಯಲ್ಲಿ ಓದಿಸುವುದು ಒಗ್ಗದೆ ಇಲ್ಲಿನ ಸರ್ಕಾರಿ ಶಾಲೆಗೆ ಸೇರಿಸಲು ಹೋದರೆ ಅದನ್ನು ಕೇಳುತ್ತಾರೆ. ಆ ಶಾಲೆಗೆ ಶುಲ್ಕವಿಲ್ಲ.